ಸೂರ್ಯನೋ, ಮಡಕೆಯೋ? ಒಂದು ಸಣ್ಣ ಪಕ್ಷದ ಚಿಹ್ನೆಯ ಕಥೆ

ಮತಗಟ್ಟೆಯಲ್ಲಿ ಯಂತ್ರದ ಮುಂದೆ ನಿಂತಾಗ ನಮ್ಮ ಕಣ್ಣು ಮೊದಲು ಹುಡುಕುವುದು ಚಿಹ್ನೆಯನ್ನು. ಅಭ್ಯರ್ಥಿಯ ಹೆಸರು ಗೊತ್ತಿಲ್ಲದವರಿಗೂ ಕೈ, ಕಮಲ, ತೆನೆ ಹೊತ್ತ ಮಹಿಳೆ ಗೊತ್ತು. ಹಾಗಾದರೆ ಸ್ವಂತ ಚಿಹ್ನೆಯೇ ಇಲ್ಲದ ಸಣ್ಣ ಪಕ್ಷ ಏನು ಮಾಡಬೇಕು? ಪಕ್ಕದ ತಮಿಳುನಾಡಿನ ಒಂದು ದಲಿತ ಪಕ್ಷ ಈ ಪ್ರಶ್ನೆಯ ಜೊತೆ 25 ವರ್ಷ ಏಗಿದೆ. ಆ ಕಥೆಯನ್ನು ಇಲ್ಲಿ ಹೇಳುತ್ತೇವೆ.

ಪಕ್ಷದ ಹೆಸರು ವಿಡುದಲೈ ಚಿರುತ್ತೈಗಳ್ ಕಚ್ಚಿ, ಅಂದರೆ ವಿಮೋಚನೆಯ ಚಿರತೆಗಳ ಪಕ್ಷ. ಚಿಕ್ಕದಾಗಿ ವಿಸಿಕೆ. 1982ರಲ್ಲಿ ಮದುರೈಯಲ್ಲಿ ಮಲೈಚಾಮಿ ಎಂಬುವರು ದಲಿತ ಪ್ಯಾಂಥರ್ಸ್ ಸಂಘಟನೆಯಾಗಿ ಇದನ್ನು ಕಟ್ಟಿದರು. ಅವರು ತೀರಿಕೊಂಡ ಮೇಲೆ 1990ರಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ತಿರುಮಾವಳವನ್ ನಾಯಕರಾದರು.

ಮೊದಲು ಇವರು ಚುನಾವಣೆಯನ್ನೇ ಬಹಿಷ್ಕರಿಸುತ್ತಿದ್ದರು. ಮತ ಹಾಕಿ, ಗೆದ್ದು ಬಂದರೂ ದಲಿತರಿಗೆ ಏನು ಸಿಗುತ್ತಿತ್ತು? 1997ರಲ್ಲಿ ಮೇಲವಳವು ಎಂಬ ಊರಿನಲ್ಲಿ ಮೀಸಲು ಪಂಚಾಯಿತಿಯ ಅಧ್ಯಕ್ಷರಾಗಿ ಗೆದ್ದ ದಲಿತ ಮುರುಗೇಶನ್ ಅವರನ್ನೂ ಅವರ ಸಂಗಡಿಗರನ್ನೂ ಹಾಡಹಗಲೇ ಕಡಿದು ಕೊಂದರು.

ಆದರೂ 1999ರಲ್ಲಿ ಪಕ್ಷ ಕಣಕ್ಕಿಳಿಯಿತು. ಮೂಪನಾರ್ ಅವರ ತಮಿಳ್ ಮಾನಿಲ ಕಾಂಗ್ರೆಸ್ ಜೊತೆ ಸೇರಿ ತಿರುಮಾವಳವನ್ ಚಿದಂಬರಂ ಲೋಕಸಭಾ ಕ್ಷೇತ್ರದಲ್ಲಿ ನಿಂತರು. ಸೋತರೂ ಎರಡು ಲಕ್ಷಕ್ಕೂ ಹೆಚ್ಚು ಮತ ಬಂತು. ಆ ಮತಕ್ಕೆ ಬೆಲೆ ತೆತ್ತವರು ಹಳ್ಳಿಯ ಜನ. ಮತದಾನದ ದಿನ ಹಲವು ದಲಿತ ಕೇರಿಗಳ ಮೇಲೆ ದಾಳಿಯಾಯಿತು.

2001ರಲ್ಲಿ ಡಿಎಂಕೆ ಕೈ ಹಿಡಿಯಿತು. ಆದರೆ ಅದರ ಉದಯಿಸುವ ಸೂರ್ಯನ ಚಿಹ್ನೆಯಲ್ಲೇ ನಿಲ್ಲಬೇಕಾಯಿತು. ತಿರುಮಾವಳವನ್ ಮಂಗಳೂರು ಕ್ಷೇತ್ರದಲ್ಲಿ ಗೆದ್ದರು (ಇದು ನಮ್ಮ ಮಂಗಳೂರಲ್ಲ, ಕಡಲೂರು ಜಿಲ್ಲೆಯದು). ದೊಡ್ಡ ಪಕ್ಷದ ಚಿಹ್ನೆಯಲ್ಲಿ ಗೆದ್ದವರು ಲೆಕ್ಕಕ್ಕೆ ಆ ಪಕ್ಷದ ಶಾಸಕರೇ. ಅದರ ವಿಪ್ ಮೀರಿದರೆ ಸ್ಥಾನಕ್ಕೇ ಕುತ್ತು. 2004ರಲ್ಲಿ ಅವರು ರಾಜೀನಾಮೆ ಕೊಟ್ಟು ಹೊರಬಂದರು.

2006ರಲ್ಲಿ ಎಐಎಡಿಎಂಕೆ ಜೊತೆ ಹೋಗಿ ಎರಡು ಸ್ಥಾನ ಗೆದ್ದರು. 2009ರಲ್ಲಿ ದೆಹಲಿಯ ರಾಜಕಾರಣದ ಇಕ್ಕಟ್ಟು ಎದುರಾಯಿತು. ಶ್ರೀಲಂಕಾದಲ್ಲಿ ಕದನ ನಿಲ್ಲಬೇಕೆಂದು ತಿರುಮಾವಳವನ್ ಜನವರಿಯಲ್ಲಿ ಉಪವಾಸ ಕೂತಿದ್ದರು. ಕೆಲವೇ ತಿಂಗಳಲ್ಲಿ ಕೇಂದ್ರದಲ್ಲಿ ಆಳುತ್ತಿದ್ದ ಕಾಂಗ್ರೆಸ್ ಇರುವ ಮೈತ್ರಿಯಲ್ಲೇ ನಿಂತು ಚಿದಂಬರಂ ಗೆದ್ದರು. ಫಲಿತಾಂಶ ಬಂದು ಎರಡೇ ದಿನಕ್ಕೆ ಅಲ್ಲಿನ ಯುದ್ಧ ಸಾವಿರಾರು ತಮಿಳರ ಸಾವಿನೊಂದಿಗೆ ಮುಗಿಯಿತು.

ದೊಡ್ಡವರ ಸಹವಾಸ ಬೇಡವೆಂದು 2016ರಲ್ಲಿ ವೈಕೋ ಮತ್ತು ಎಡಪಕ್ಷಗಳ ಜೊತೆ ಮೂರನೇ ರಂಗ ಕಟ್ಟಿದರು. ಒಂದು ಸ್ಥಾನವೂ ಬರಲಿಲ್ಲ. ಕಾಟ್ಟುಮನ್ನಾರ್‌ಕೋಯಿಲ್‌ನಲ್ಲಿ ತಿರುಮಾವಳವನ್ ಬರೀ 87 ಮತಗಳಿಂದ ಸೋತರು.

2019ರಲ್ಲಿ ಮತ್ತೆ ಡಿಎಂಕೆ ಮೈತ್ರಿ, ಎರಡು ಲೋಕಸಭಾ ಸ್ಥಾನ. ವಿಳುಪ್ಪುರಂನಲ್ಲಿ ಲೇಖಕ ರವಿಕುಮಾರ್ ಸೂರ್ಯನ ಚಿಹ್ನೆಯಲ್ಲಿ ನಿಂತು ಸುಮಾರು 1.28 ಲಕ್ಷ ಮತಗಳ ಅಂತರದಿಂದ ಗೆದ್ದರು. ಚಿದಂಬರಂನಲ್ಲಿ ತಿರುಮಾವಳವನ್ ಹಟ ಹಿಡಿದು ಮಡಕೆಯ ಚಿಹ್ನೆಯಲ್ಲಿ ನಿಂತರು. ಅಂತರ ಕೇವಲ 3,219. ಎದುರಾಳಿಗಳು ಬೇರೆ ಬೇರೆ, ಎಲ್ಲವನ್ನೂ ಚಿಹ್ನೆಯ ತಲೆಗೆ ಕಟ್ಟಲಾಗದು. ಆದರೂ ಸ್ವಂತ ಮಡಕೆ ಹೊರುವುದು ಎಷ್ಟು ಭಾರ ಎಂದು ಈ ಲೆಕ್ಕ ತೋರಿಸುತ್ತದೆ.

ಅವರು ಮಡಕೆ ಇಳಿಸಲಿಲ್ಲ. 2021ರ ವಿಧಾನಸಭೆಯಲ್ಲಿ ಅದೇ ಚಿಹ್ನೆಯಲ್ಲಿ ಆರರಲ್ಲಿ ನಾಲ್ಕು ಗೆದ್ದರು. ಅದರಲ್ಲಿ ಎರಡು ಸಾಮಾನ್ಯ ಕ್ಷೇತ್ರ. ಸರ್ಕಾರ ಮೈತ್ರಿಯ ಬಲದಿಂದ ಬಂದರೂ ಮಂತ್ರಿಗಳೆಲ್ಲ ಡಿಎಂಕೆಯವರೇ ಆದರು. 2024ರಲ್ಲಿ ಎರಡೂ ಲೋಕಸಭಾ ಸ್ಥಾನ ಮಡಕೆಗೇ ಬಂದವು.

ಇಲ್ಲಿ ಒಂದು ನಿಯಮ ತಿಳಿದಿರಲಿ. ರಾಜ್ಯ ಪಕ್ಷದ ಮಾನ್ಯತೆಗೆ ಇರುವ ದಾರಿಗಳಲ್ಲಿ ಒಂದೆಂದರೆ, ರಾಜ್ಯದ ಪ್ರತಿ 25 ಲೋಕಸಭಾ ಸ್ಥಾನಕ್ಕೆ, ಉಳಿದ ಭಾಗಕ್ಕೂ, ಒಬ್ಬರಂತೆ ಗೆಲ್ಲುವುದು. ತಮಿಳುನಾಡಿನ 39ಕ್ಕೆ ಇಬ್ಬರು ಸಾಕು. ಸೂರ್ಯನ ಚಿಹ್ನೆಯಲ್ಲಿ ಗೆದ್ದಿದ್ದರೆ ಆ ಇಬ್ಬರು ಡಿಎಂಕೆ ಲೆಕ್ಕಕ್ಕೆ ಹೋಗುತ್ತಿದ್ದರು. ಮಡಕೆಯಲ್ಲಿ ಗೆದ್ದಿದ್ದರಿಂದ 2025ರ ಜನವರಿಯಲ್ಲಿ ವಿಸಿಕೆಗೆ ಮಾನ್ಯತೆಯೂ ಸಿಕ್ಕಿತು, ಮಡಕೆಯೂ ಅದರದೇ ಆಯಿತು.

ಮುಂದೆ ಯಾವುದೇ ಮೈತ್ರಿಯ ಸುದ್ದಿ ಓದಿದಾಗ ಸಣ್ಣ ಪಕ್ಷಕ್ಕೆ ಎಷ್ಟು ಸೀಟು ಸಿಕ್ಕಿತು ಎಂದಷ್ಟೇ ನೋಡಬೇಡಿ. ಯಾರ ಚಿಹ್ನೆಯಲ್ಲಿ ನಿಂತರು ಎಂದೂ ಕೇಳಿ.