ಕಪ್ಪೆಯ ಕೈ, ಅರಳಿ ಎಲೆ

2003ರ ಜೂನ್. ಮಿರಗದ ಮಳೆ ಒಂದೆರಡು ಸಲ ಬಂದು ಹೋಗಿತ್ತು. ಊರಿಂದ ಬಂದಿದ್ದ ನಮ್ಮವ್ವ ಬಟ್ಟೆ ಒಣಹಾಕಲು ಹಿಮಾಯತ್‌ನಗರದ ನಮ್ಮ ಮನೆಯ ಮಾಳಿಗೆಗೆ ಹೋದವಳು ಹಾಗೇ ನಿಂತುಬಿಟ್ಟಳು.

"ಯಾಕೋ, ಈ ಅರಳಿ ಗಿಡಕ್ಕ ಏನಾತು? ಹುಳ ಬಿತ್ತೇನು?"

"ಇಲ್ಲವ್ವಾ, ನಾನೇ ಎಲಿ ಕತ್ತರಿಸೀನಿ."

"ಕೈ ಸುಮ್ಮನ ಇರಂಗಿಲ್ಲೇನು ನಿನಗ? ಅರಳಿ ಎಲಿ ಹರೀತಾರೇನು ಯಾರರ!"

ನಾನು ಮಾತಾಡಲಿಲ್ಲ. ಮೂರು ವರ್ಷದ ಹಿಂದೆ ಇದೇ ಕೆಲಸ ಮಾಡಿ ಒಂದು ಮೇಪಲ್ ಗಿಡ ಕೊಂದಿದ್ದೆ. ಅದು ಅವ್ವನಿಗೆ ಗೊತ್ತಿರಲಿಲ್ಲ.

ಆ ಮೇಪಲ್ಲನ್ನು ಗೆಳೆಯನೊಬ್ಬ 1998ರಲ್ಲಿ ಹಿಮಾಲಯದ ಕಡೆಯ ಒಂದು ನರ್ಸರಿಯಿಂದ ತಂದುಕೊಟ್ಟಿದ್ದ. ಗೇಣುದ್ದದ ಗಿಡ, ಎಲೆಗೆ ಮೂರು ಬೆರಳು. ಬಿಲ್ವಪತ್ರೆಯಂತೆ ಮೂರು ಬಿಡಿ ಎಲೆಯಲ್ಲ, ಒಂದೇ ಎಲೆ ಮೂರಾಗಿ ಸೀಳಿದ್ದು. ಇಂಗ್ಲಿಷಿನಲ್ಲಿ ಟ್ರೈಡೆಂಟ್ ಮೇಪಲ್, ಅಂದರೆ ತ್ರಿಶೂಲದ ಮೇಪಲ್. ಮೇಪಲ್‌ಗಳಲ್ಲಿ ಬಿಸಿಲು ಸ್ವಲ್ಪ ತಡೆಯುವ ಜಾತಿ ಇದು ಅಂತ ಓದಿದ್ದೆ. ಅಬಿಡ್ಸ್‌ನ ಭಾನುವಾರದ ಹಳೇ ಪುಸ್ತಕದ ಸಂತೆಯಲ್ಲಿ ಬೋನ್ಸಾಯ್ ಮೇಲಿನ ಒಂದು ಪುಸ್ತಕವೂ ಸಿಕ್ಕಿತು. ಇನ್ನೇನು ಬೇಕು? ನಾನೇ ಒಬ್ಬ ಜಪಾನೀ ಮಾಸ್ತರನಾದೆ!

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಟ್ಟೆಯಲ್ಲಿ ಮರ ಬೆಳೆಸುವುದು ಮೊದಲು ಚೀನಾದ ವಿದ್ಯೆ. ಕ್ರಿ.ಶ. 706ರ ಸುಮಾರಿನ ಟ್ಯಾಂಗ್ ರಾಜಕುಮಾರನೊಬ್ಬನ ಗೋರಿಯ ಗೋಡೆಚಿತ್ರದಲ್ಲಿ, ಕಲ್ಲು-ಗಿಡ ಜೋಡಿಸಿದ ತಟ್ಟೆ ಹಿಡಿದ ಸೇವಕಿ ಇದ್ದಾಳೆ. ಜಪಾನಿನಲ್ಲಿ 1309ರ ಒಂದು ಚಿತ್ರಸುರುಳಿಯಲ್ಲಿ ಇಂಥ ಗಿಡಗಳು ಕಾಣುತ್ತವೆ. (ವಾಮನ ವೃಕ್ಷ ಕಲೆ ನಮ್ಮದೇ, ಬೌದ್ಧರು ಒಯ್ದರು ಅನ್ನುವವರು ಇದ್ದಾರೆ. ಆಧಾರ ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ.)

ಮೇಪಲ್ ಜಪಾನಿನಲ್ಲಿ ಹುಚ್ಚಾಗಿ ಹಬ್ಬಿದ್ದು ಎಡೋ ಕಾಲದಲ್ಲಿ. ಎಡೋ ಅಂದರೆ ಇಂದಿನ ಟೋಕಿಯೊ. ಸೀಮೆಗಳ ದೊರೆಗಳು ಸರದಿಯ ಮೇಲೆ ಬಂದು ಶೋಗುನ್‌ನ ಆ ರಾಜಧಾನಿಯಲ್ಲಿ ವಾಸ ಮಾಡಬೇಕೆಂಬ ಕಟ್ಟಳೆ ಇತ್ತು. ಬಂದವರು ಬಂಗಲೆ ಕಟ್ಟಿದರು, ಬಂಗಲೆಗೆ ತೋಟ ಬೇಕಾಯಿತು. ಊರಂಚಿನ ಸೊಮೆಯ್ ಎಂಬ ಹಳ್ಳಿ ತೋಟಗಾರರಿಂದಲೇ ತುಂಬಿತು. ಅಲ್ಲಿಯ ಇತೊ ಇಹೇ ಎಂಬ ಮನೆತನದ ತೋಟಗಾರ 1710ರಲ್ಲಿ ಅಚ್ಚು ಹಾಕಿಸಿದ ಗಿಡಗಳ ಪುಸ್ತಕದಲ್ಲಿ ಮೇಪಲ್ ಒಂದರಲ್ಲೇ 36 ಬಗೆ ಇದ್ದವು. ತ್ರಿಶೂಲದ ಮೇಪಲ್ ಮಾತ್ರ ಜಪಾನಿನದೂ ಅಲ್ಲ. ಅದು 18ನೇ ಶತಮಾನದಲ್ಲಿ ಚೀನಾದಿಂದ ಬಂದದ್ದು. ಹೊರಗಿಂದ ಬಂದು ಊರವನೇ ಆದ ಗಿರಾಕಿ, ನಮ್ಮ ಹಾಗೆ!

ಮೇಪಲ್‌ಗೆ ಜಪಾನಿಯಲ್ಲಿ ಕಾಎದೆ ಅನ್ನುತ್ತಾರೆ. ಕಾಎರು ಅಂದರೆ ಕಪ್ಪೆ, ತೆ ಅಂದರೆ ಕೈ. ಎರಡೂ ಕೂಡಿ ಸವೆದು ಆದ ಪದ. ಎಲೆ ನೋಡಿದರೆ ಕಪ್ಪೆ ಕೈ ಚಾಚಿದಂತೆಯೇ ಇರುತ್ತದೆ. ಸ್ವೀಡನ್ನಿನ ಥುನ್‌ಬರ್ಗ್ 1775-76ರಲ್ಲಿ ಡಚ್ಚರ ವೈದ್ಯನಾಗಿ ಜಪಾನಿನಲ್ಲಿದ್ದ. ಅಲ್ಲಿಯ ಮೇಪಲ್ಲಿಗೆ 1784ರಲ್ಲಿ ಅವನಿಟ್ಟ ಲ್ಯಾಟಿನ್ ಹೆಸರು ಏಸರ್ ಪಾಮೇಟಮ್. ಅಲ್ಲೂ ಅಂಗೈಯೇ, ಕಪ್ಪೆ ಮಾತ್ರ ಬಿಟ್ಟುಹೋಯಿತು.

1868ರಲ್ಲಿ ಶೋಗುನ್ ಆಡಳಿತ ಬಿತ್ತು. ದೊರೆಗಳು ಹೋದರು, ಅವರನ್ನೇ ನಂಬಿದ್ದ ತೋಟಗಾರರು ಹೊಸ ಗಿರಾಕಿ ಹುಡುಕಿದರು. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಯುರೋಪಿನವರು ಈ ಕುಳ್ಳ ಮರಗಳನ್ನು ಬೆರಗಿನಿಂದ ನೋಡಿದರು. ಆಮೇಲೆ 1923ರ ಸೆಪ್ಟೆಂಬರ್ 1ರಂದು ದೊಡ್ಡ ಭೂಕಂಪ. ಟೋಕಿಯೊ ಸುಟ್ಟುಹೋಯಿತು. ಬೋನ್ಸಾಯ್ ಮಾಡುವ ಕೆಲವು ಮನೆತನಗಳು ಕುಂಡಗಳನ್ನು ಕಟ್ಟಿಕೊಂಡು ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರದ ಒಮಿಯಾಕ್ಕೆ ಹೋಗಿ 1925ರಲ್ಲಿ ತಮ್ಮದೇ ಊರು ಕಟ್ಟಿದವು. ಆ ಊರಿನ ಕರಾರು ಕೇಳಿ: ಮನೆಗೆ ಕನಿಷ್ಠ ಹತ್ತು ಬೋನ್ಸಾಯ್ ಇರಬೇಕು, ಬಾಗಿಲು ಎಲ್ಲರಿಗೂ ತೆರೆದಿರಬೇಕು, ಬೇಲಿ ಗಿಡದ್ದೇ ಆಗಬೇಕು, ಮನೆ ಎರಡಂತಸ್ತು ಇರಬಾರದು. ಈ ಕೊನೆಯ ಕರಾರು ನಮ್ಮ ಹಿಮಾಯತ್‌ನಗರಕ್ಕೆ ಹಾಕಿದ್ದರೆ ಒಬ್ಬ ಬಿಲ್ಡರನೂ ಬದುಕುತ್ತಿರಲಿಲ್ಲ.

ಈಗ ಎಲೆ ಕತ್ತರಿಸುವ ವಿಷಯ. ಜಪಾನಿಯಲ್ಲಿ ಇದಕ್ಕೆ ಹಗಾರಿ ಎಂದು ಹೆಸರು. (ಬಳ್ಳಾರಿಯವರಿಗೆ ಹಗರಿ ಹೊಳೆ ನೆನಪಾಗಬಹುದು, ಸಂಬಂಧವೇನಿಲ್ಲ.) ವಸಂತದ ಎಲೆ ಪೂರಾ ಬಲಿತ ಮೇಲೆ, ಮೇ ಕೊನೆ ಅಥವಾ ಜೂನ್‌ನಲ್ಲಿ ಎಲೆಗಳನ್ನೆಲ್ಲ ಕತ್ತರಿಸುತ್ತಾರೆ. ಕೀಳುವುದಲ್ಲ. ತೊಟ್ಟು ಬಿಟ್ಟು ಕತ್ತರಿಸಬೇಕು. ತೊಟ್ಟಿನ ಬುಡದ ಕಂಕುಳಲ್ಲೇ ಮುಂದಿನ ಮೊಗ್ಗು ಮಲಗಿರುತ್ತದೆ, ಕಿತ್ತರೆ ಅದೂ ಹರಿದು ಬರುತ್ತದೆ. ಉಳಿದ ತೊಟ್ಟು ಕೆಲವು ದಿನದಲ್ಲಿ ಒಣಗಿ ತಾನೇ ಬೀಳುತ್ತದೆ. ಮೂರ್ನಾಲ್ಕು ವಾರದಲ್ಲಿ ಹೊಸ ಚಿಗುರು. ಆ ಎಲೆ ಮೊದಲಿನದಕ್ಕಿಂತ ಸಣ್ಣದು, ಕೊಂಬೆ ಹೆಚ್ಚು ಕವಲೊಡೆಯುತ್ತದೆ, ಶರತ್ಕಾಲದ ಕೆಂಪೂ ಚೆನ್ನಾಗಿ ಬರುತ್ತದೆ. ಎಲೆ ಇಲ್ಲದ ಗಿಡ ನೀರು ಕುಡಿಯುವುದು ಕಡಿಮೆ, ಹಾಗಾಗಿ ನೀರು ಅಳೆದು ಹಾಕಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಗೊಬ್ಬರ ಮೊದಲೇ ಕೊಟ್ಟಿರಬೇಕು. ಆ ವರ್ಷ ಕುಂಡ ಬದಲಿಸಿದ ಗಿಡಕ್ಕೂ ಸೊರಗಿದ ಗಿಡಕ್ಕೂ ಕತ್ತರಿ ತಾಗಿಸಬಾರದು.

ಒಂದೇ ವರ್ಷದಲ್ಲಿ ಮರಕ್ಕೆ ಎರಡು ವಸಂತ ಕೊಡುವ ಉಪಾಯ ಇದು. ಎರಡನೇ ವಸಂತದ ಖರ್ಚನ್ನು ಮರ ತನ್ನ ಗಂಟಿನಿಂದಲೇ ಕೊಡಬೇಕು. ಕಾಂಡ-ಬೇರಿನಲ್ಲಿ ಹಿಂದಿನ ವರ್ಷ ಕೂಡಿಟ್ಟ ಪಿಷ್ಟವೇ ಆ ಗಂಟು.

ನನ್ನ ಮೇಪಲ್ ಹತ್ತಿರ ಗಂಟೇ ಇರಲಿಲ್ಲ. ಈ ಮರಕ್ಕೆ ಚಳಿಗಾಲದ ನಿದ್ದೆ ಬೇಕು. 7 ಡಿಗ್ರಿಗಿಂತ ಕೆಳಗೆ ನೂರಾರು ಗಂಟೆ ಕಳೆದರೇನೇ ಮೊಗ್ಗು ಸರಿಯಾಗಿ ಏಳುತ್ತದೆ. ಹೈದರಾಬಾದಿನಲ್ಲಿ ಪಾರಾ 10ಕ್ಕಿಂತ ಕೆಳಗಿಳಿಯುವುದೇ ವರ್ಷಕ್ಕೆ ಕೆಲವು ರಾತ್ರಿ. ಡಿಸೆಂಬರಿನಲ್ಲೂ ನನ್ನ ಗಿಡ ಹಳೇ ಎಲೆಗಳನ್ನು ಅಂಚು ಸುಟ್ಟುಕೊಂಡೇ ಹಿಡಿದುಕೊಂಡಿತ್ತು. ನಿದ್ದೆಗೆಟ್ಟವರ ಕಣ್ಣಿನಂತೆ. ಫೆಬ್ರವರಿಯಲ್ಲಿ ಅಲ್ಲೊಂದು ಇಲ್ಲೊಂದು ಚಿಗುರು. ಆಮೇಲೆ 40 ದಾಟಿದ ಮೇ. ಹೀಗೆ ಎರಡು ವರ್ಷ. ಪುಸ್ತಕದಲ್ಲಿ ಜೂನ್ ಅಂತ ಇತ್ತು, 2000ದ ಜೂನ್‌ನಲ್ಲಿ ಕತ್ತರಿಸಿದೆ. ಟೋಕಿಯೊದ ಜೂನ್ ಬೇರೆ, ನಮ್ಮ ಬೇಸಿಗೆ ತಿಂದು ಮುಗಿಸಿದ ಜೂನ್ ಬೇರೆ ಅಂತ ಹೊಳೆಯಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಮೊಗ್ಗು ಉಬ್ಬಿದೆಯಾ ನೋಡುತ್ತಿದ್ದೆ. ದಸರೆ ಹೊತ್ತಿಗೆ ಉಗುರಿನಿಂದ ಕೆರೆದು ನೋಡಿದರೆ ತೊಗಟೆಯ ಕೆಳಗೆ ಹಸಿರಿರಲಿಲ್ಲ.

ಅರಳಿ ಗಿಡದ ಕಥೆ ಬೇರೆ. ನಾವು ಮೊದಲು ಬಾಡಿಗೆಗಿದ್ದದ್ದು ಇದೇ ಹಿಮಾಯತ್‌ನಗರದ ಒಂದು ಹಳೇ ಬಂಗಲೆಯ ಮೇಲಂತಸ್ತಿನಲ್ಲಿ. ಗಚ್ಚಿನ ಗೋಡೆ, ಎತ್ತರದ ಸೂರು, ಅಂಗಳದಲ್ಲಿ ಬೇವು. 1996ರಲ್ಲಿ ಅಪಾರ್ಟ್‌ಮೆಂಟಿಗಾಗಿ ಅದನ್ನು ಕೆಡವಿದರು. ಆಗ ಅದರ ಕೈಪಿಡಿ ಗೋಡೆಯ ಬಿರುಕಿನಲ್ಲಿದ್ದ ಅರಳಿ ಸಸಿಯನ್ನು ಕೆಲಸದವನಿಗೆ ಹತ್ತು ರೂಪಾಯಿ ಕೊಟ್ಟು ಬಿಡಿಸಿಕೊಂಡೆ. ಬೇರು ಇಟ್ಟಿಗೆಯ ಒಂದು ಚೂರನ್ನು ಅಪ್ಪಿ ಹಿಡಿದಿತ್ತು. ಅದನ್ನು ಹಾಗೇ ತಟ್ಟೆಗೆ ಇಟ್ಟೆ. ಕೆಂಪು ಮಣ್ಣು, ಮೊರಂ, ಇಟ್ಟಿಗೆ ಪುಡಿ, ಒಂದು ಹಿಡಿ ಬೇವಿನ ಹಿಂಡಿ, ಇಷ್ಟೇ ಅದರ ಊಟ.

ಅರಳಿಗೆ ಚಳಿಯ ಹಂಗಿಲ್ಲ, ಸೆಕೆ ಇದ್ದಷ್ಟೂ ಖುಷಿ. ಕತ್ತರಿಸಿದ ಮೇಲೆ ಚಿಗುರಲು ಅದಕ್ಕೆ ಜೂನ್ ತಿಂಗಳೇ ಒಳ್ಳೆಯದು. ಆದರೂ ಮೇಪಲ್ ಸತ್ತ ಮೇಲೆ ಮೂರು ವರ್ಷ ಅದನ್ನು ಮುಟ್ಟಲು ಧೈರ್ಯ ಬರಲಿಲ್ಲ. ಅವ್ವ ಕಂಡದ್ದು ಆ ಮೊದಲ ಸಲದ ಕತ್ತರಿಯನ್ನು.

ಇದನ್ನೆಲ್ಲ ಅವ್ವನಿಗೆ ಹೇಗೆ ಹೇಳಲಿ? ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, "ತಿಕೋಟಾದಾಗ ಮಾಮಾ ದ್ರಾಕ್ಷಿಗೆ ಚಾಟ್ನಿ ಮಾಡತಾನಲ್ಲವ್ವಾ, ಆಗ ಎಲಿ ಇರತೈತೇನು?"

ವಿಜಾಪುರದ ಕಡೆಯವರಿಗೆ ಚಾಟ್ನಿ ಅಂದರೆ ತಿನ್ನುವ ಚಟ್ನಿಯಲ್ಲ, ಬಳ್ಳಿ ಸವರುವುದು. ಏಪ್ರಿಲ್‌ನಲ್ಲೊಮ್ಮೆ ಕಡ್ಡಿಗಾಗಿ, ಅಕ್ಟೋಬರ್‌ನಲ್ಲೊಮ್ಮೆ ಹಣ್ಣಿಗಾಗಿ. ತಣ್ಣನೆಯ ದೇಶದ ಬಳ್ಳಿಗೆ ಚಳಿಗಾಲ ಸಿಗದ ಕಡೆ ರೈತನೇ ಕತ್ತರಿ ಹಿಡಿದು ಋತು ಬದಲಿಸುತ್ತಾನೆ. ದಾಳಿಂಬೆಯವರು ನೀರು ನಿಲ್ಲಿಸಿ, ಔಷಧಿ ಹೊಡೆದು ಎಲೆಯನ್ನೇ ಉದುರಿಸುತ್ತಾರೆ. ಹೈದರಾಬಾದಿನ ಸುತ್ತಲೂ ಒಂದು ಕಾಲಕ್ಕೆ ಅನಾಬ್-ಎ-ಶಾಹಿ ದ್ರಾಕ್ಷಿಯ ತೋಟಗಳಿದ್ದವು, ಆ ಎಷ್ಟೋ ಜಾಗದಲ್ಲಿ ಈಗ ಕಾಲೋನಿಗಳಿವೆ.

ಅವ್ವ ರೊಟ್ಟಿ ಮುರಿಯುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದು ಹೊಟ್ಟೀ ಸಲುವಾಗಿ ಮಾಡೂದು. ನೀ ಮಾಡೂದು ಚಂದಕ್ಕ," ಅಂದಳು. ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ಹನ್ನೆರಡನೇ ದಿನಕ್ಕೆ ಅರಳಿಯ ತುದಿಗಳಲ್ಲಿ ಕೆಂಪು ಮೊನೆ ಕಂಡವು. ಮೊದಲು ಕಂಡವಳು ಅವ್ವನೇ. ಊರಿಗೆ ಹೊರಡುವ ದಿನ ಅದಕ್ಕೊಂದು ತಂಬಿಗೆ ನೀರು ಹಾಕಿ, ಅರಿಶಿನ-ಕುಂಕುಮ ಹಚ್ಚಿ ಹೋದಳು. ನೀರು ಹೆಚ್ಚಾಯಿತು ಅಂತ ನಾನು ಹೇಳಲಿಲ್ಲ, ತಟ್ಟೆಯನ್ನು ಸ್ವಲ್ಪ ಓರೆ ಮಾಡಿ ಇಟ್ಟೆ.