ಹಲ್ಲು ಕೀಳಿಸೋಕೆ ಭಯಾನಾ? ‘ನಗೆ ಅನಿಲ’ದ ಬಗ್ಗೆ ತಿಳಿದುಕೊಳ್ಳಿ

ಹಲ್ಲು ನೋವು ಶುರುವಾದ್ರೆ ನಮ್ಮಲ್ಲಿ ಮೊದಲು ಲವಂಗ, ಆಮೇಲೆ ಮೆಡಿಕಲ್ ಶಾಪ್ ಮಾತ್ರೆ. ಕೆನ್ನೆ ಊದಿದ ಮೇಲಷ್ಟೇ ಡಾಕ್ಟರ್ ನೆನಪಾಗ್ತಾರೆ. ಇದಕ್ಕೆ ದುಡ್ಡೊಂದೇ ಕಾರಣ ಅಲ್ಲ, ಸೂಜಿ ಮತ್ತು ಡ್ರಿಲ್ ಸದ್ದಿನ ಭಯವೂ ಹೌದು. ಅಂಥವರಿಗಾಗಿ ಕೆಲವು ದಂತ ಕ್ಲಿನಿಕ್‌ಗಳಲ್ಲಿ ನೈಟ್ರಸ್ ಆಕ್ಸೈಡ್, ಅಂದ್ರೆ ‘ನಗೆ ಅನಿಲ’ ಬಳಸ್ತಾರೆ.

ಹೊಸದೇನಲ್ಲ: ಅಮೆರಿಕದ ಹಾರ್ಟ್‌ಫರ್ಡ್‌ನ ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರ್‌ನಲ್ಲಿ ಈ ಅನಿಲದ ಪ್ರದರ್ಶನ ನೋಡಲು ಹೋಗಿದ್ದರು. ಅನಿಲ ಎಳೆದುಕೊಂಡಿದ್ದ ಒಬ್ಬನ ಕಾಲಿಗೆ ಪೆಟ್ಟಾದರೂ ಅವನಿಗೆ ನೋವೇ ಗೊತ್ತಾಗಲಿಲ್ಲ. ಮಾರನೇ ದಿನ ವೆಲ್ಸ್ ತಾವೇ ಅನಿಲ ತಗೊಂಡು ತಮ್ಮ ಹಲ್ಲು ಕೀಳಿಸಿಕೊಂಡರು.

ಹೇಗೆ ಕೊಡ್ತಾರೆ?: ಮೂಗಿಗೆ ಸಣ್ಣ ಮಾಸ್ಕ್ ಹಾಕಿ ಮೊದಲು ಬರೀ ಆಕ್ಸಿಜನ್ ಬಿಡ್ತಾರೆ. ಆಮೇಲೆ ನೈಟ್ರಸ್ ಆಕ್ಸೈಡ್ ಸ್ವಲ್ಪ ಸ್ವಲ್ಪವೇ ಸೇರಿಸ್ತಾರೆ. ಸಾಮಾನ್ಯವಾಗಿ ಶೇ. 30ರಿಂದ 50ರಷ್ಟು ಸಾಕಾಗುತ್ತೆ. ಐದು ನಿಮಿಷದೊಳಗೆ ಮೈ ಹಗುರವಾಗಿ, ಕೈಕಾಲು ಜುಮ್ಮೆನ್ನುತ್ತೆ. ಪ್ರಜ್ಞೆ ತಪ್ಪಲ್ಲ, ಡಾಕ್ಟರ್ ಹೇಳಿದ್ದು ಕೇಳುತ್ತೆ, ಉತ್ತರಾನೂ ಕೊಡಬಹುದು. ಆದ್ರೆ ಇದು ಭಯ ಇಳಿಸೋಕೆ. ಹಲ್ಲು ಕೀಳುವಾಗ ಮರಗಟ್ಟಿಸೋ ಇಂಜೆಕ್ಷನ್ ಬೇಕೇ ಬೇಕು, ಅದರ ಚುಚ್ಚು ಮಾತ್ರ ಅಷ್ಟಾಗಿ ಕಾಡಲ್ಲ. ಕೊನೆಗೆ ಸುಮಾರು ಐದು ನಿಮಿಷ ಮತ್ತೆ ಬರೀ ಆಕ್ಸಿಜನ್ ಕೊಟ್ಟರೆ ಅಮಲು ಇಳಿಯುತ್ತೆ.

ಯಾರಿಗೆ ಬೇಡ?: ನೆಗಡಿಯಿಂದ ಮೂಗು ಕಟ್ಟಿದವರಿಗೆ ಇದು ಕೆಲಸ ಮಾಡಲ್ಲ. ಗರ್ಭಿಣಿಯರು, ಅದರಲ್ಲೂ ಮೊದಲ ಮೂರು ತಿಂಗಳಲ್ಲಿರೋರು, ತೀವ್ರ ಶ್ವಾಸಕೋಶದ ಕಾಯಿಲೆ ಇರೋರು, ವಿಟಮಿನ್ ಬಿ12 ಕೊರತೆ ಇರೋರು, ಇತ್ತೀಚೆಗೆ ಕಿವಿ ಅಥವಾ ಕಣ್ಣಿನ ಆಪರೇಷನ್ ಆದವರು ಮೊದಲೇ ಡಾಕ್ಟರ್‌ಗೆ ಹೇಳಲೇಬೇಕು. ಕೆಲವರಿಗೆ ವಾಕರಿಕೆ, ವಾಂತಿ ಆಗಬಹುದು. ಹೊಟ್ಟೆ ಬಿರಿಯ ಉಂಡು ಹೋಗಬೇಡಿ.

ಕ್ಲಿನಿಕ್‌ನಲ್ಲಿ ಏನು ಕೇಳಬೇಕು?: ಅನಿಲ ಕೊಡೋರಿಗೆ ತರಬೇತಿ ಆಗಿದೆಯಾ, ಆಕ್ಸಿಜನ್ ನಿಂತರೆ ನೈಟ್ರಸ್ ತಾನಾಗೇ ನಿಲ್ಲೋ ಮಷಿನ್ನಾ, ಒಟ್ಟು ಖರ್ಚೆಷ್ಟು ಅಂತ ಕೇಳಿ. ಕೇಳೋದ್ರಲ್ಲಿ ನಾಚಿಕೆ ಬೇಡ. ಮುಗಿದ ಮೇಲೆ ಡಾಕ್ಟರ್ ಹೋಗಬಹುದು ಅಂದ ನಂತರವೇ ಬೈಕ್ ಹತ್ತಿ.

ನಮ್ಮೂರಿನ ಎಲ್ಲ ಕ್ಲಿನಿಕ್‌ನಲ್ಲೂ ಈ ಸೌಲಭ್ಯ ಇರಲ್ಲ, ಫೋನ್ ಮಾಡಿ ವಿಚಾರಿಸಿ ಹೋಗಿ. ಆದ್ರೆ ಊತದ ಜೊತೆ ಜ್ವರ ಬಂದ್ರೆ, ನುಂಗೋಕೆ ಅಥವಾ ಉಸಿರಾಡೋಕೆ ಕಷ್ಟ ಆದ್ರೆ ಅನಿಲ ಸಿಗುತ್ತಾ ಅಂತ ಹುಡುಕುತ್ತಾ ಕೂರಬೇಡಿ. ತಕ್ಷಣ ಹತ್ತಿರದ ಆಸ್ಪತ್ರೆಗೆ ಹೋಗಿ. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದರೆ ಜೀವಕ್ಕೇ ಅಪಾಯ.