ಒಮ್ಮೆ ತಟ್ಟಿದರೆ ನಿಲ್ಲದ ಗುಂಡುಗಳು: ವಾಟ್ಸಾಪ್ ವಿಡಿಯೋ ನಿಜವೇ?

ಸಾಲಾಗಿ ತೂಗುಬಿಟ್ಟ ಐದು ಉಕ್ಕಿನ ಗುಂಡುಗಳು ಕರೆಂಟಿಲ್ಲದೆ ಸದಾ ಆಡುತ್ತಿರುತ್ತವೆ ಎನ್ನುವ ವಿಡಿಯೋ ನಿಮಗೂ ಬಂದಿರಬಹುದು. ಇದು ಸುಳ್ಳು. ಇದೇ ತತ್ವದ ‘ಉಚಿತ ವಿದ್ಯುತ್ ಯಂತ್ರ’ ಎಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ಈ ಆಟಿಕೆ ನ್ಯೂಟನ್ಸ್ ಕ್ರೇಡಲ್. ಹೆಸರು ನ್ಯೂಟನ್‌ನದು, ಆದರೆ ಇಂಥ ಪ್ರಯೋಗವನ್ನು 17ನೇ ಶತಮಾನದಲ್ಲೇ ವಿವರಿಸಿದವರು ಫ್ರಾನ್ಸಿನ ಮಾರಿಯೊಟ್. ಬಡಿದ ಗುಂಡಿನ ಸಂವೇಗವು ನಡುವಿನ ಗುಂಡುಗಳನ್ನು ಕಣ್ಣಿಗೆ ಕಾಣದಷ್ಟು ಅದುಮುತ್ತ ಸಾಗಿ ಕೊನೆಯದನ್ನು ಹಾರಿಸುತ್ತದೆ. ಕೇರಂನಲ್ಲಿ ಅಂಟಿ ನಿಂತ ಕಾಯಿಗಳಿಗೆ ಹೊಡೆದವರಿಗೆ ಇದು ಹೊಸತಲ್ಲ.

ಎರಡು ಗುಂಡು ಬಿಟ್ಟರೆ ಆಚೆ ಎರಡೇ ಏಳುವುದೇಕೆ? ಒಂದೇ ಗುಂಡು ಎರಡು ಪಟ್ಟು ವೇಗದಲ್ಲಿ ಹಾರಿದರೂ ಸಂವೇಗದ ಲೆಕ್ಕ ಸರಿಹೋಗುತ್ತದೆ. ಆದರೆ ಅದಕ್ಕೆ ದುಪ್ಪಟ್ಟು ಶಕ್ತಿ ಬೇಕು. ಅದೆಲ್ಲಿಂದ ಬರಬೇಕು?

ಪ್ರತಿ ಬಡಿತದ ‘ಟಕ್’ ಸದ್ದು, ಚೂರು ಬಿಸಿ, ಗಾಳಿಯ ತಡೆ ಎಲ್ಲವೂ ಶಕ್ತಿಯನ್ನು ಸೋರಿಸುತ್ತವೆ. ಸ್ವಲ್ಪ ಹೊತ್ತಿನಲ್ಲೇ ಐದೂ ಗುಂಡುಗಳು ಒಟ್ಟಿಗೆ ತೂಗಾಡಿ ನಿಲ್ಲುತ್ತವೆ. ವಿಡಿಯೋದಲ್ಲಿ ನಿಲ್ಲದಿದ್ದರೆ, ಒಂದೇ ತುಣುಕನ್ನು ಮತ್ತೆ ಮತ್ತೆ ಓಡಿಸಿರಬಹುದು, ಇಲ್ಲವೇ ಅಡಿಯಲ್ಲಿ ಬ್ಯಾಟರಿ, ಅಯಸ್ಕಾಂತ ಅಡಗಿಸಿರಬಹುದು.